ನಾನು ಹೊಡೆದುಹಾಕಿದ ಬೀದಿಗಳು

ಮೊದಲೇ ಹೇಳಿಬಿಡುತ್ತೇನೆ, ನನ್ನ ಟೈಪಿಂಗಿನಲ್ಲಿ ತಪ್ಪು ಹುಡುಕುವವರು ಈ ಮಸ್ಕತ್‌ನಲ್ಲಿ ಇನ್ನೂ ಹುಟ್ಟಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಗ್ರೆಟ್ಟಾ ಬಾಯಿಯವರ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವಳು ನಾನು. ಶಾರ್ಟ್‌ಹ್ಯಾಂಡ್ ನಿಮಿಷಕ್ಕೆ ನೂರಿಪ್ಪತ್ತು ಪದ, ಟೈಪಿಂಗ್ ಅರವತ್ತು. ಎಂಬತ್ತೆರಡರಲ್ಲಿ ಮ್ಯಾಕ್ಸಿಮ್‌ನನ್ನು ಮದುವೆಯಾಗಿ ಒಮಾನಿಗೆ ಬಂದೆ. ಏಳು ವರ್ಷ ಖುರುಮ್‌ನ ಒಂದು ಕಂಪೆನಿಯಲ್ಲಿ ಕೆಲಸ, ಆಮೇಲೆ ಅಲ್ ಖೌದ್‌ನ ವಿಶ್ವವಿದ್ಯಾಲಯದಲ್ಲಿ, ಭೂಗೋಳ ಕಲಿಸುವವರ ಸಾಲಿನಲ್ಲಿ ಸೆಕ್ರೆಟರಿ. ಬ್ರಿಟಿಷರು, ಸುಡಾನಿನವರು, ಈಜಿಪ್ಟಿನವರು, ನಮ್ಮ ಮದ್ರಾಸಿನವರು, ಎಲ್ಲರ ಇಂಗ್ಲಿಷನ್ನೂ ಒಗೆದು ಇಸ್ತ್ರಿ ಹಾಕಿ ಕೊಟ್ಟ ಕೈ ಇದು.

ಗ್ರೆಟ್ಟಾ ಬಾಯಿ ಹೇಳುತ್ತಿದ್ದರು: ಬಾಸ್ ಹೇಳಿದ್ದನ್ನು ಹೇಳಿದ ಹಾಗೆ ಹೊಡೆಯುವವಳು ಬರೀ ಟೈಪಿಸ್ಟ್, ಬಾಸ್ ಏನು ಹೇಳಬೇಕಿತ್ತೋ ಅದನ್ನು ಹೊಡೆಯುವವಳು ಸ್ಟೆನೋ. ಬಾಸ್ ಒಂದೇ ಮಾತನ್ನು ಎರಡು ಸಲ ಹೇಳಿದರೆ ಒಂದನ್ನು ಹೊಡೆದುಹಾಕು, ಕೇಳಬೇಡ, ಕೇಳಿದರೆ ಅವನಿಗೆ ನಾಚಿಕೆಯಾಗುತ್ತದೆ. ಇನ್ನೊಂದು ನಿಯಮವೂ ಇತ್ತು. ಶಾರ್ಟ್‌ಹ್ಯಾಂಡಿನಲ್ಲಿ ನಾವು ಸ್ವರಗಳನ್ನು ಬರೆಯುವುದಿಲ್ಲ, ಅಷ್ಟು ಸಮಯ ಇರುವುದಿಲ್ಲ. ಆದರೆ ಹೆಸರು ಬಂದರೆ ಮಾತ್ರ ಸ್ವರ ಹಾಕಲೇಬೇಕು. ಮನುಷ್ಯರ ಹೆಸರನ್ನು ಊಹೆಗೆ ಬಿಡಬಾರದು ಅಂತ ಬೆರಳ ಗಂಟಿನ ಮೇಲೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಈ ಎರಡು ನಿಯಮಗಳಲ್ಲಿ ಒಂದು ನನ್ನ ಮಾನ ಕಳೆಯಿತು, ಇನ್ನೊಂದು ಉಳಿಸಿತು.

ತೊಂಬತ್ಮೂರರ ಸೆಪ್ಟೆಂಬರಿನಲ್ಲಿ ನಮ್ಮಲ್ಲಿಗೆ ರಷ್ಯಾದಿಂದ ಒಬ್ಬ ಪ್ರೊಫೆಸರ್ ಬಂದರು. ಗೆನ್ನಾದಿ ಫ್ಯೋದರೊವಿಚ್ ಅಂತ ಹೆಸರು, ಅದರ ಹಿಂದೆ ಇನ್ನೂ ಒಂದು ಉದ್ದದ ಹೆಸರು. ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರುತ್ತದೆ. ನಾನು ಮೊದಲ ದಿನವೇ "ಪ್ರೊಫೆಸರ್ ಗೆನ್ನಾದಿ" ಅಂದೆ, ಅವರು ತಲೆಯಾಡಿಸಿದರು. ಐವತ್ತೆರಡು ವಯಸ್ಸು, ಬಾಗಿಲಿಗೆ ತಲೆ ತಗಲುವಷ್ಟು ಎತ್ತರ. ನದಿ ನೀರಿನ ಲೆಕ್ಕ ಹಾಕುವುದೇ ಅವರ ವಿದ್ಯೆ. ನದಿಯೇ ಇಲ್ಲದ ದೇಶಕ್ಕೆ ಇವರನ್ನು ಯಾಕೆ ಕರೆಸಿದರು ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಆದರೆ ಮನುಷ್ಯ ಬಂದ ವಾರದಲ್ಲೇ ಅಲ್ ಖೌದ್‌ನ ಅಣೆಕಟ್ಟಿನ ಮೇಲೆ ಬಿಸಿಲಲ್ಲಿ ನಿಂತು, ಬತ್ತಿದ ವಾದಿಯನ್ನು, ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹಳ್ಳವನ್ನು, ದೇವಸ್ಥಾನ ನೋಡುವ ಹಾಗೆ ನೋಡಿ ಬಂದರು. "ಕಾರ್ಮಿನ್, ಇಲ್ಲಿಯವರು ನೀರನ್ನು ನಿಲ್ಲಿಸುವುದು ನೆಲದೊಳಗೆ ಕಳಿಸಲಿಕ್ಕೆ! ಎಂಥ ಬುದ್ಧಿ!" ಅಂದರು. ಬೆಟ್ಟದಿಂದ ಊರಿಗೆ ನೀರು ತರುವ ಫಲಜ್ ಕಾಲುವೆಗಳ ಬಗ್ಗೆ ಮಾತು ಶುರುವಾದರೆ ಊಟದ ಹೊತ್ತು ಮರೆಯುತ್ತಿದ್ದರು.

ನನ್ನ ಗಂಡನ ಹೆಸರು ಮ್ಯಾಕ್ಸಿಮ್ ಅಂತ ತಿಳಿದ ದಿನ ಅವರು ಕುರ್ಚಿಯಿಂದ ಎದ್ದೇಬಿಟ್ಟರು.

"ರಷ್ಯನ್?"

"ಅಲ್ಲ ಸರ್, ಕಿನ್ನಿಗೋಳಿ" ಅಂದೆ.

ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಗೋಳಿ ರಷ್ಯಾದ ಯಾವ ಜಿಲ್ಲೆಯಲ್ಲಿದೆ ಅಂತ ಅವರು ಯೋಚಿಸುತ್ತಿರುವುದು ಮುಖದಲ್ಲೇ ಕಾಣಿಸಿತು. ಆಮೇಲೆ ಅಲ್ ಅಜೈಬಾದ ನಮ್ಮ ಮನೆಗೆ ಎಷ್ಟೋ ಶುಕ್ರವಾರ ಊಟಕ್ಕೆ ಬಂದರು. ಮ್ಯಾಕ್ಸಿಮ್ ಮಾಡುವ ಬಂಗುಡೆ ಮೀನಿನ ಖಾರದ ಗಸಿಯನ್ನು ಕಣ್ಣಲ್ಲಿ ನೀರು ಸುರಿಸಿಕೊಂಡೇ ತಿಂದು, ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಬಾಸ್‌ಗಳಲ್ಲಿ ಅಂಥವರನ್ನು ನಾನು ಆಮೇಲೆ ಕಂಡಿಲ್ಲ.

ತೊಂಬತ್ನಾಲ್ಕರ ಮಾರ್ಚಿನಲ್ಲಿ ಅವರು ಎಲ್ಲ ವಿಭಾಗದವರ ಮುಂದೆ ಒಂದು ಉಪನ್ಯಾಸ ಕೊಡಬೇಕಾಗಿ ಬಂತು. ನಲವತ್ತು ನಿಮಿಷ, ಒಂದು ನಿಮಿಷ ಹೆಚ್ಚಲ್ಲ. ವಿಷಯ ಅವರ ಸ್ವಂತ ಊರು. ಕಲ್ಯಾಜಿನ್ ಅಂತ, ವೋಲ್ಗಾ ನದಿಯ ದಡದ ಒಂದು ಸಣ್ಣ ಪಟ್ಟಣ. ಅವರು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಹೇಳುವುದು, ನಾನು ಬರೆದುಕೊಳ್ಳುವುದು. ಸಾಮಾನ್ಯವಾಗಿ ಡಿಕ್ಟೇಶನ್ ನನ್ನ ಕಿವಿಯಿಂದ ಕೈಗೆ ಹೋಗುತ್ತದೆ, ತಲೆಗೆ ಹೋಗುವುದಿಲ್ಲ. ಬರೆದುಕೊಂಡದ್ದನ್ನು ಆ ಕ್ಷಣವೇ ಮರೆಯುವುದು ಸ್ಟೆನೋಗಳ ಸ್ವಭಾವ. ಆದರೆ ಆ ಊರಿನ ಕಥೆ ಟೈಪ್ ಮಾಡುವಾಗ ನಾನು ಎಷ್ಟೋ ಸಲ ಕೈ ನಿಲ್ಲಿಸಿ ಓದಿದ್ದೇನೆ.

ಆ ವೋಲ್ಗಾ ಹುಟ್ಟುವುದು ಒಂದು ಸಣ್ಣ ಒರತೆಯಲ್ಲಂತೆ, ಅಲ್ಲಿ ಒಂದು ಹೆಜ್ಜೆಯಲ್ಲಿ ದಾಟಬಹುದಂತೆ. ಆಮೇಲೆ ಮೂರೂವರೆ ಸಾವಿರ ಕಿಲೋಮೀಟರ್ ಹರಿದು ಕ್ಯಾಸ್ಪಿಯನ್ ಸೇರುತ್ತದೆ. ನಮ್ಮ ನೇತ್ರಾವತಿ ಪಾಪ, ಅದರ ಮುಂದೆ ಮಗು. ಚಳಿಗಾಲದಲ್ಲಿ ಆ ನದಿ ಕಲ್ಲಿನಂತೆ ಗಟ್ಟಿಯಾಗಿ, ಜನ ಅದರ ಮೇಲೆ ನಡೆದು ಆಚೆ ಊರಿಗೆ ಹೋಗುತ್ತಾರೆ. ಕಲ್ಯಾಜಿನ್‌ನಲ್ಲಿ ಹೆಂಗಸರು ದಾರದ ಕಸೂತಿ ಹೆಣೆಯುವವರು, ಗಂಡಸರು ಉಣ್ಣೆಯನ್ನು ಬಡಿದು ಬೂಟು ಮಾಡುವವರು. ಎದುರು ದಡದಲ್ಲಿ ಹಳೆಯ ಕಾಲದ ಒಂದು ದೊಡ್ಡ ಮಠ. ಐನೂರು ವರ್ಷಗಳ ಹಿಂದೆ ಅದೇ ನದಿಯ ಮೇಲ್ದಂಡೆಯ ಒಬ್ಬ ವ್ಯಾಪಾರಿ ಆ ಮಠದಲ್ಲಿ ಆಶೀರ್ವಾದ ಪಡೆದು ಹೊರಟವನು, ಎಲ್ಲಿಗೆ ಬಂದ ಗೊತ್ತೇ? ನಮ್ಮ ಬೀದರಿಗೆ! ಊರಿಗೆ ಮರಳುವಾಗ ಇದೇ ಮಸ್ಕತ್‌ನಲ್ಲಿ ಈಸ್ಟರ್ ಆಚರಿಸಿದನಂತೆ. ನಾನು ಆ ವಾಕ್ಯ ಟೈಪ್ ಮಾಡಿ ಮ್ಯಾಕ್ಸಿಮ್‌ಗೆ ಫೋನ್ ಮಾಡಿದೆ. "ಅವನಿಗೆ ರಜೆ ಸಿಕ್ಕಿತ್ತಾ ಕೇಳು, ನಮಗಂತೂ ಈಸ್ಟರಿನ ಭಾನುವಾರ ಡ್ಯೂಟಿ" ಅಂದ.

ಸಾವಿರದ ಒಂಬೈನೂರ ಮೂವತ್ತೊಂಬತ್ತು, ನಲವತ್ತರ ಹೊತ್ತಿಗೆ ಆ ಊರನ್ನು ನೀರು ನುಂಗಿತು. ಕೆಳಗೆ ಉಗ್ಲಿಚ್ ಎಂಬಲ್ಲಿ ಅಣೆಕಟ್ಟು ಕಟ್ಟಿದರು, ನದಿ ಹಿಂದಕ್ಕೆ ಉಬ್ಬಿತು. ಮಠ ಹೋಯಿತು, ಸಂತೆಯ ಚೌಕ ಹೋಯಿತು, ಹಳೆಯ ಬೀದಿಗಳು ಹೋದವು. ಜನ ತಮ್ಮ ಮರದ ಮನೆಗಳ ತೊಲೆಗಳಿಗೆ ನಂಬರ್ ಬರೆದು, ಬಿಚ್ಚಿ, ದಿಬ್ಬದ ಮೇಲೆ ಸಾಗಿಸಿ ಮತ್ತೆ ಜೋಡಿಸಿಕೊಂಡರು. ಉಳಿದದ್ದು ಒಂದು ಗಂಟೆಗೋಪುರ. ಅದರ ಇಗರ್ಜಿಯನ್ನು ಕೆಡವಿದರು, ಗೋಪುರವನ್ನು ಬಿಟ್ಟರು. ಎಪ್ಪತ್ತನಾಲ್ಕು ಮೀಟರ್ ಎತ್ತರ, ಐದು ಅಂತಸ್ತು, ಬೆಳ್ಳಗೆ, ನೀರಿನ ಮಧ್ಯೆ ಒಂಟಿಯಾಗಿ ನಿಂತಿದೆ. ಪ್ರೊಫೆಸರ್ ಅದರ ಫೋಟೋ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಅಷ್ಟು ಚೆಂದದ ಚಿತ್ರವನ್ನು ನಾನು ಕಂಡದ್ದು ಕಡಿಮೆ. ಯಾರೂ ಇಲ್ಲದ ನೀರಿನಲ್ಲಿ ಸೊಂಟದವರೆಗೆ ನಿಂತು ಆಕಾಶ ನೋಡುವ ಆ ಗೋಪುರವನ್ನು ಕಂಡಾಗಲೆಲ್ಲ ನನಗೆ ಶಿಲುಬೆಯ ಗುರುತು ಹಾಕಿಕೊಳ್ಳಬೇಕೆನಿಸುತ್ತಿತ್ತು.

ಪ್ರೊಫೆಸರ್ ಹುಟ್ಟಿದ್ದು ನಲವತ್ತೊಂದರಲ್ಲಿ, ಎಂದರೆ ನೀರು ಬಂದ ಮೇಲೆ. ಮುಳುಗಿದ ಊರನ್ನು ಅವರು ನೋಡಿಯೇ ಇಲ್ಲ. ಅವರ ತಾಯಿ ಅಗ್ರಾಫೆನಾ ನೋಡಿದ್ದರು. ಎಂಬತ್ತು ವರ್ಷದ ಆ ಮುದುಕಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ, ದಿಬ್ಬದ ಮೇಲಿನ ಹೊಸ ಕಲ್ಯಾಜಿನ್‌ನಲ್ಲಿ ಒಬ್ಬರೇ ಇದ್ದರು. ಮಗ ಉಪನ್ಯಾಸ ಕೊಡುತ್ತಾನೆಂದು ತಿಳಿದು ಒಂದು ಕ್ಯಾಸೆಟ್ ತುಂಬಿಸಿ, ಮಸ್ಕತ್‌ಗೆ ಬರುವ ಯಾರದೋ ಕೈಯಲ್ಲಿ ಕಳಿಸಿದರು.

"ಕಾರ್ಮಿನ್, ನಾನು ಇನ್ನೂ ಕೇಳಿಲ್ಲ. ಒಟ್ಟಿಗೆ ಕೇಳೋಣ. ನಾನು ಕೇಳಿದ ಹಾಗೆ ಇಂಗ್ಲಿಷಿನಲ್ಲಿ ಹೇಳುತ್ತೇನೆ, ನೀನು ಬರಿ" ಅಂದರು.

ಟೇಪ್‌ರೆಕಾರ್ಡರ್ ಒತ್ತಿದರು. ಗೊರಗೊರ ಸದ್ದಿನ ಆಚೆಯಿಂದ ಮುದುಕಿಯ ದನಿ ಬಂತು. ದನಿಯಲ್ಲಿ ಅಳು ಇರಲಿಲ್ಲ, ಮಗುವನ್ನು ಪೇಟೆಗೆ ಕರೆದುಕೊಂಡು ಹೋಗುವ ತಾಯಿಯ ಸಡಗರ ಇತ್ತು. ಮುದುಕಿ ಮಗನ ಕೈ ಹಿಡಿದು ಮುಳುಗಿದ ಊರಿನಲ್ಲಿ ನಡೆಸುತ್ತಿದ್ದರು. ದೋಣಿಗಳು ನಿಲ್ಲುವ ಕಟ್ಟೆ, ಅಲ್ಲಿಂದ ಹಗ್ಗದವರ ಸಾಲು, ಮೂಲೆಯಲ್ಲಿ ಉಪ್ಪುಮೀನಿನ ಅಂಗಡಿ. ಬಲಕ್ಕೆ ತಿರುಗಿದರೆ ಕಸೂತಿಯವರ ಓಣಿ, ಕಿಟಕಿ ಕಿಟಕಿಯಲ್ಲೂ ಮರದ ಕಡ್ಡಿಗಳ ಟಕಟಕ. ಆಮೇಲೆ ಹೆಬ್ಬಾತುಗಳ ಓಣಿ, ಸಿಹಿಬಾವಿಯ ಬೀದಿ, ನೀಲಿ ಬೇಲಿಯ ಡಾಕ್ಟರ ಮನೆ, ಕುಂಟ ಮತ್ವೇಯ್ ಸಂಜೆ ಅಕಾರ್ಡಿಯನ್ ನುಡಿಸುವ ಜಗಲಿ. ನಕ್ಷೆಯಲ್ಲಿ ಇದ್ದ ಹೆಸರುಗಳಲ್ಲ ಇವು, ಊರವರು ಕರೆಯುತ್ತಿದ್ದ ಹೆಸರುಗಳು. ಒಂದೊಂದು ಬೀದಿ ಮುಗಿದಾಗಲೂ ಮುದುಕಿ ಮಗನನ್ನು ಮುದ್ದಿನ ಹೆಸರಿನಿಂದ ಕರೆದು ಅದೇ ಒಂದು ಮಾತು ಹೇಳುತ್ತಿದ್ದರು: "ಮೆಲ್ಲ, ಗೆನ್ಯಾ, ಇಲ್ಲಿ ಕೆಸರಿದೆ."

ಮೊದಲೆರಡು ಸಲ ಬರೆದೆ. ಆಮೇಲೆ ಆ ಮಾತು ಬಂದಲ್ಲೆಲ್ಲ ಒಂದು ಸಣ್ಣ ಗೀಟು ಹಾಕುತ್ತಾ ಹೋದೆ. ಪುನರಾವರ್ತನೆಗೆ ನಾವು ಹಾಕುವ ಗುರುತು ಅದು.

ಕೊನೆಯಲ್ಲಿ ಮುದುಕಿ ತಮ್ಮ ಮನೆಯ ಓಣಿಗೆ ತಿರುಗಿದರು. ಪ್ರೊಫೆಸರ್ ಹೇಳುತ್ತಾ ಹೇಳುತ್ತಾ ಗೋಡೆಗೆ ಮುಖ ತಿರುಗಿಸಿದರು. ಭುಜ ಅಲ್ಲಾಡುತ್ತಿತ್ತು, ಆದರೂ ಬಾಯಿ ಯಂತ್ರದ ಹಾಗೆ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು. ಒಬ್ಬ ಗಂಡಸು ಅಳುವಾಗ ಎದುರು ಕುಳಿತು ಪೆನ್ಸಿಲ್ ಓಡಿಸುವುದು ನನ್ನಿಂದಾಗಲಿಲ್ಲ. ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟು ಸುಮ್ಮನೆ ಕೇಳಿದೆ.

ಮರುದಿನ ಟೈಪಿಗೆ ಕುಳಿತಾಗ ನಾನು ಮತ್ತೆ ಗ್ರೆಟ್ಟಾ ಬಾಯಿಯ ಶಿಷ್ಯೆ. ಲೆಕ್ಕ ಹಾಕಿದೆ: ಇದ್ದದ್ದೆಲ್ಲ ಹೊಡೆದರೆ ಅರವತ್ತೈದು ನಿಮಿಷದ ಉಪನ್ಯಾಸ. ನಲವತ್ತಕ್ಕೆ ಇಳಿಸಬೇಕು. ನದಿಯ ಉದ್ದ ಬೇಕು, ಇತಿಹಾಸ ಬೇಕು, ಅಣೆಕಟ್ಟು ಬೇಕು. ಮುದುಕಿಯ ಬೀದಿಗಳು? ಉಪ್ಪುಮೀನು, ಹೆಬ್ಬಾತು, ಕೆಸರು! ವಿದ್ವಾಂಸರ ಸಭೆಯಲ್ಲಿ ಇದೆಲ್ಲ ಯಾಕೆ ಅಂದುಕೊಂಡೆ. ಹನ್ನೊಂದು ಹಾಳೆಯ ಟಿಪ್ಪಣಿಯನ್ನು ಒಂದೇ ವಾಕ್ಯ ಮಾಡಿದೆ: "ಊರಿನ ಹಿರಿಯ ನಿವಾಸಿಗಳು ಹಳೆಯ ಬೀದಿಗಳನ್ನು ಇಂದಿಗೂ ನೆನಪಿಸಿಕೊಳ್ಳುತ್ತಾರೆ." ಎಷ್ಟು ಅಚ್ಚುಕಟ್ಟು ನೋಡಿ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಪ್ರೊಫೆಸರ್‌ಗೆ ತೋರಿಸಲೂ ಇಲ್ಲ, ಉಪನ್ಯಾಸದ ದಿನ ಬೆಳಿಗ್ಗೆ ಫೈಲ್ ಕೈಗೆ ಕೊಟ್ಟೆ.

ಸಭೆ ತುಂಬಿತ್ತು. ಪ್ರೊಫೆಸರ್ ಚೆನ್ನಾಗಿ ಮಾತಾಡಿದರು, ಗೋಪುರದ ಸ್ಲೈಡ್ ಬಂದಾಗ ಒಮಾನಿ ಹುಡುಗಿಯರೆಲ್ಲ "ಯಾ ಅಲ್ಲಾ" ಅಂದರು. ಆಮೇಲೆ ಅವರು ಆ ವಾಕ್ಯಕ್ಕೆ ಬಂದರು. ಹಾಳೆ ತಿರುಗಿಸಿ ನೋಡಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು. ತಲೆ ಎತ್ತಿ ಕೊನೆಯ ಸಾಲಿನಲ್ಲಿದ್ದ ನನ್ನ ಕಡೆ ನೋಡಿದರು. ಒಂದು ಕ್ಷಣ ಅಷ್ಟೆ, ಮುಂದೆ ಓದಿದರು. ಸರಿಯಾಗಿ ನಲವತ್ತು ನಿಮಿಷಕ್ಕೆ ಮುಗಿಯಿತು, ಚಪ್ಪಾಳೆ ಬಿತ್ತು.

"ನೀನು ಒಳ್ಳೆಯ ಎಡಿಟರ್, ಕಾರ್ಮಿನ್" ಅಂದರು ಹೊರಗೆ ಬಂದು. "ಅಮ್ಮನ ಭಾಗ ಪೂರ್ತಿ ಟೈಪ್ ಮಾಡಿ ಬೇರೆ ಇಟ್ಟಿದ್ದೀಯಲ್ಲ?"

"ಖಂಡಿತ ಸರ್, ಫೈಲಿನಲ್ಲಿದೆ" ಅಂದೆ.

ಸುಳ್ಳು. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಸುಳ್ಳು. ಟಿಪ್ಪಣಿಯ ಪುಸ್ತಕ ಡ್ರಾಯರಿನಲ್ಲಿದೆ, ಪುರುಸೊತ್ತಾದಾಗ ಹೊಡೆದರಾಯಿತು ಅಂತ ನನ್ನ ಲೆಕ್ಕ. ಆಮೇಲೆ ಪರೀಕ್ಷೆ ಬಂತು, ಮಾರ್ಕ್‌ಲಿಸ್ಟ್ ಬಂತು, ಪುರುಸೊತ್ತು ಬರಲಿಲ್ಲ. ಮೇ ಕೊನೆಗೆ ಡ್ರಾಯರ್ ಖಾಲಿ ಮಾಡುವಾಗ ತುಂಬಿದ ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಪ್ರತಿವರ್ಷದ ಹಾಗೆ ಕೊರಗಪ್ಪಣ್ಣನಿಗೆ ಕೊಟ್ಟೆ.

ಕೊರಗಪ್ಪಣ್ಣ ಮೂಲ್ಕಿಯವರು, ಅಲ್ ಖೌದ್‌ನಲ್ಲಿ ಒಂದು ಚಹಾದಂಗಡಿ ನಡೆಸುತ್ತಾರೆ. ಅವರ ಗೋಳಿಬಜೆ, ಬನ್ಸ್ ಸಂಜೆ ಐದಕ್ಕೆ ಹೋದರೆ ಉಂಟು, ಆರಕ್ಕೆ ಹೋದರೆ ಖಲಾಸ್. ಕರಿದ ತಿಂಡಿಯನ್ನು ನ್ಯೂಸ್‌ಪೇಪರಿನಲ್ಲಿ ಕಟ್ಟಬಾರದು ಅಂತ ಬಲದಿಯಾದವರು, ಎಂದರೆ ಮುನಿಸಿಪಾಲಿಟಿಯವರು ಹೇಳಿದ ಮೇಲೆ ಅವರಿಗೆ ನನ್ನ ಪುಸ್ತಕಗಳ ಮೇಲೆ ಕಣ್ಣು. ಪೆನ್ಸಿಲಿನ ಬರಹ, ದಪ್ಪ ಕಾಗದ, ಶಾಯಿ ಅಂಟುವುದಿಲ್ಲ.

ಜೂನಿನಲ್ಲಿ ಪ್ರೊಫೆಸರ್ ನಿಜ್ವಾದ ಕಡೆ ಒಂದು ಫಲಜ್ ಅಳೆಯಲು ಹೋದರು. ದಾರಿಯಲ್ಲಿ ಒಬ್ಬರೇ ಇರುವಾಗ ಇನ್ನೊಮ್ಮೆ ಕೇಳಬೇಕೆಂದು ಅಮ್ಮನ ಕ್ಯಾಸೆಟ್ ಒಯ್ದಿದ್ದರು. ಅಷ್ಟು ದಿನ ಧೈರ್ಯ ಬಂದಿರಲಿಲ್ಲವಂತೆ. ಕಾರು ನಿಲ್ಲಿಸಿ ಕಾಲುವೆಗೆ ಇಳಿದವರು ಕ್ಯಾಸೆಟನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರು. ಜೂನಿನ ಮಧ್ಯಾಹ್ನ! ಗಲ್ಫಿಗೆ ಬಂದ ಮೊದಲ ಬೇಸಿಗೆಯಲ್ಲೇ ನಾವೆಲ್ಲ ಒಂದೊಂದು ಕ್ಯಾಸೆಟ್ ಕಳೆದುಕೊಂಡು ಕಲಿತ ಪಾಠ ಅದು. ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೂರು ಗಂಟೆ ಬಿಟ್ಟು ಬಂದರೆ ಅದು ಹಪ್ಪಳದ ಹಾಗೆ ಮುರುಟಿತ್ತು.

"ಪರವಾಗಿಲ್ಲ, ಅಮ್ಮನಿಗೆ ಹೇಳಿ ಇನ್ನೊಂದು ಮಾಡಿಸುತ್ತೇನೆ" ಅಂದಿದ್ದರು. ಅದಾದ ಒಂಬತ್ತನೇ ದಿನ ಟೆಲಿಗ್ರಾಂ ಬಂತು. ಅಗ್ರಾಫೆನಾ ತೀರಿಕೊಂಡಿದ್ದರು. ಮಣ್ಣಿಗೆ ಹೋಗಲು ಪ್ರೊಫೆಸರ್‌ಗೆ ಆಗಲಿಲ್ಲ, ಟೆಲಿಗ್ರಾಂ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬುಧವಾರ ಬೆಳಿಗ್ಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಗಡ್ಡ ಹೆರೆದಿರಲಿಲ್ಲ.

"ಕಾರ್ಮಿನ್, ಅಮ್ಮನ ಆ ಹಾಳೆಗಳು ಕೊಡು. ಈಗ ನನ್ನ ಹತ್ತಿರ ಅದೊಂದೇ ಇರುವುದು. ಆ ದಿನ ನಾನು ಬಾಯಲ್ಲಿ ಹೇಳಿದೆನೇ ಹೊರತು ನನ್ನ ಕಿವಿಗೆ ಏನೂ ಬೀಳಲಿಲ್ಲ. ಹಗ್ಗದವರ ಸಾಲು ಅಂತ ಒಂದು ನೆನಪಿದೆ. ಆಮೇಲೆ ಎಲ್ಲಿಗೆ ತಿರುಗಿದಳು ಅಂತ ನೆನಪಿಲ್ಲ."

"ಶನಿವಾರ ಕೊಡುತ್ತೇನೆ ಸರ್, ಸ್ಟೋರಿನಲ್ಲಿಟ್ಟಿದ್ದೇನೆ" ಅಂದೆ. ಮತ್ತೊಂದು ಸುಳ್ಳು.

ಫೋನಿನಲ್ಲಿ ಮ್ಯಾಕ್ಸಿಮ್‌ಗೆ ಹೇಳಿದೆ. ಅವನು, "ಎ.ಸಿ. ನೀರು ಸೋರಿ ಫೈಲ್ ಹಾಳಾಯಿತು ಅಂತ ಹೇಳು. ಮುಗಿಯಿತು. ಯಾಕೆ ತಲೆ ಕೆಡಿಸಿಕೊಳ್ಳುವುದು?" ಅಂದ.

"ನಿನಗೆ ಮೀನು ಹೊಟ್ಟೆಗೆ ಹೋದರೆ ಸಾಕು, ಬೇರೆ ಏನೂ ತಲೆಗೆ ಹೋಗುವುದಿಲ್ಲ. ಆ ಊರನ್ನು ಒಂದು ಸಲ ನೀರು ಮುಳುಗಿಸಿದ್ದು ಸಾಲದಾ? ಈಗ ನಾನೂ ನನ್ನ ತಪ್ಪನ್ನು ನೀರಿನ ಮೇಲೆ ಹಾಕಬೇಕಾ?" ಅಂತ ರೇಗಿ ಫೋನ್ ಇಟ್ಟೆ. ಪಾಪ, ಅವನ ಮೇಲೆ ಯಾಕೆ ರೇಗಿದೆನೋ. ರೇಗಬೇಕಾದದ್ದು ನನ್ನ ಮೇಲೆ.

ಆಫೀಸ್ ಬಿಟ್ಟವಳೇ ಕೊರಗಪ್ಪಣ್ಣನ ಅಂಗಡಿಗೆ ಓಡಿದೆ. ಅವರು ಬಾಣಲೆಯ ಮುಂದೆ ಇದ್ದರು.

"ಬನ್ನಿ ಬಾಯಮ್ಮ. ಬಜೆ ಈಗ ತೆಗಿಲಿಕ್ಕೆ ಉಂಟು, ಎರಡು ನಿಮಿಷ."

"ಬಜೆ ಬೇಡ ಮಾರಾಯ್ರೆ, ನಾನು ಕೊಟ್ಟ ಪುಸ್ತಕ ಎಲ್ಲಿ? ಎಷ್ಟು ಉಳಿದಿದೆ?"

"ಎಂಥ ಆಯಿತು? ಅದರಲ್ಲಿ ಎಂಥದಾದರೂ ಸೀಕ್ರೆಟ್ ಉಂಟಾ? ನನಗೆ ಅದು ಎರೆಹುಳ ಹರಿದ ಹಾಗೆ ಕಾಣುವುದು. ಪೋಲೀಸರಿಗೂ ಓದಲಿಕ್ಕೆ ಆಗಲಿಕ್ಕಿಲ್ಲ."

"ತಮಾಷೆ ಸಾಕು, ಕೊರಗಪ್ಪಣ್ಣ!" ಅಂದೆ. ನನ್ನ ದನಿ ಕೇಳಿ ಅವರು ಜರಡಿ ಸೌಟು ಕೆಳಗಿಟ್ಟರು. ಕೌಂಟರಿನ ಕೆಳಗಿನಿಂದ ಚೀಲ ಎಳೆದರು. ಐದು ಪುಸ್ತಕ ಕೊಟ್ಟಿದ್ದೆ, ಮೂರು ಇದ್ದವು, ಮೂರರಲ್ಲೂ ಮಾರ್ಚಿನದು ಇಲ್ಲ.

"ಒಮ್ಮೆ ನಿಲ್ಲಿ" ಅಂತ ಅವರು ಬಾಣಲೆಯ ಪಕ್ಕದ ಮೊಳೆ ನೋಡಿದರು. ಅಲ್ಲಿ ನೇತಾಡುತ್ತಿತ್ತು, ಸುರುಳಿತಂತಿಯ ಪುಸ್ತಕ, ಮೇಲಿನಿಂದ ಒಂದೊಂದೇ ಹಾಳೆ ಕೀಳಲು ಅನುಕೂಲವಾಗುವ ಹಾಗೆ. ಕಿತ್ತುಕೊಂಡು ತಿರುವಿದೆ. ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು! ಮುದುಕಿಯ ನಡಿಗೆಯೇ. ಆದರೆ ಮೊದಲ ನಾಲ್ಕು ಹಾಳೆ ಇಲ್ಲ. ಕಟ್ಟೆ ಇಲ್ಲ, ಹಗ್ಗದವರ ಸಾಲು ಇಲ್ಲ, ಉಪ್ಪುಮೀನಿನ ಅಂಗಡಿ ಇಲ್ಲ. ಕಸೂತಿಯವರ ಓಣಿಯ ಅರ್ಧದಿಂದ ಶುರು.

ಅಲ್ಲೇ ಬೆಂಚಿನ ಮೇಲೆ ಕುಳಿತು ಓದಿದೆ. ಮೂರು ತಿಂಗಳು ಹಳತಾದ ಶಾರ್ಟ್‌ಹ್ಯಾಂಡ್ ಬರೆದವಳಿಗೂ ಅಪರಿಚಿತವಾಗುತ್ತದೆ. ಮೇಲಾಗಿ ಎಣ್ಣೆಯ ಕಲೆ. ಆದರೆ ಒಂದೊಂದು ಹೆಸರಿನ ಪಕ್ಕದಲ್ಲೂ ನಾನು ಸ್ವರದ ಚುಕ್ಕೆ ಹಾಕಿದ್ದೆ, ಗ್ರೆಟ್ಟಾ ಬಾಯಿಯ ಸ್ಕೇಲಿನ ಪುಣ್ಯ. ಅವರ ಕೈಗೆ ಮುತ್ತು ಕೊಡಬೇಕೆನಿಸಿತು. ಜೋರಾಗಿ ಓದುತ್ತಾ, ಕನ್ನಡದಲ್ಲಿ ಕೊರಗಪ್ಪಣ್ಣನಿಗೆ ಹೇಳುತ್ತಾ ಹೋದೆ. ಹೆಬ್ಬಾತುಗಳ ಓಣಿ. ಸಿಹಿಬಾವಿಯ ಬೀದಿ. ಮತ್ವೇಯ್ ಅಕಾರ್ಡಿಯನ್ ನುಡಿಸುವ ಜಗಲಿ.

ಕೊರಗಪ್ಪಣ್ಣ ಒಲೆ ಆರಿಸಿ ಎದುರು ಕುಳಿತಿದ್ದರು. "ಬಾವಿ ದಾಟಿದ ಮೇಲೆ ಎಡಕ್ಕಾ ಬಲಕ್ಕಾ?" ಅಂತ ಕೇಳಿದರು.

"ಎಡಕ್ಕೆ. ಡಾಕ್ಟರ ಮನೆ, ನೀಲಿ ಬೇಲಿ."

"ಈಗ ಅದೆಲ್ಲ ನೀರಿನ ಅಡಿಯಲ್ಲಿ ಉಂಟಾ?"

"ಹೌದು. ಹೇಳಿದ ಮುದುಕಿಯೂ ಹೋದರು."

ಅವರು ಬಾಣಲೆಯ ಪಕ್ಕದ ಖಾಲಿ ಮೊಳೆಯ ಕಡೆ ತಿರುಗಿ ನೋಡಿದರು. ಆಮೇಲೆ, "ಅಯ್ಯೋ ದೇವಾ, ಮೊನ್ನೆ ಒಂದು ಟ್ಯಾಕ್ಸಿಯವನಿಗೆ ಎರಡು ಪ್ಲೇಟ್ ಬನ್ಸ್ ಕಟ್ಟಿಕೊಟ್ಟೆ. ಅದು ಯಾವ ಬೀದಿಯೋ ಏನೋ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. "ನನಗೆ ಗೊತ್ತಿರಲಿಲ್ಲ ಬಾಯಮ್ಮ. ನೀವು ಒಂದು ಮಾತು ಹೇಳಬಹುದಿತ್ತಲ್ಲ."

"ನನಗೂ ಗೊತ್ತಿರಲಿಲ್ಲ ಕೊರಗಪ್ಪಣ್ಣ" ಅಂದೆ.

ಗುರುವಾರ ವಾರದ ರಜೆ. ವಾಚ್‌ಮನ್‌ನಿಂದ ಬೀಗ ತೆಗೆಸಿ ಬೆಳಿಗ್ಗೆಯೇ ಆಫೀಸಿನಲ್ಲಿ ಟೈಪ್‌ರೈಟರಿನ ಮುಂದೆ ಕುಳಿತೆ. ಏಳು ಹಾಳೆ ಟಿಪ್ಪಣಿ. ಒಂದು ಪದ ಬಿಡಲಿಲ್ಲ, ಒಂದು ಪದ ತಿದ್ದಲಿಲ್ಲ. ಪ್ರೊಫೆಸರರ ಇಂಗ್ಲಿಷ್ ಹೇಗೆ ಕುಂಟುತ್ತಿತ್ತೋ ಹಾಗೆಯೇ ಹೊಡೆದೆ. ಆಮೇಲೆ ಆ ಗೀಟುಗಳು ಬಂದವು. ಎಣಿಸಿದೆ, ಹದಿನೇಳು. ಹದಿನೇಳು ಸಲವೂ ಪೂರ್ತಿ ವಾಕ್ಯ ಹೊಡೆದೆ: ಮೆಲ್ಲ, ಗೆನ್ಯಾ, ಇಲ್ಲಿ ಕೆಸರಿದೆ. ಆ ಮಗ ಹುಟ್ಟುವ ಮೊದಲೇ ಮುಳುಗಿದ ಬೀದಿಗಳು ಅವು. ಅವನ ಕಾಲಿಗೆ ಆ ಕೆಸರು ಎಂದೂ ತಾಗಿಲ್ಲ. ಆದರೂ ಆ ತಾಯಿ ಹದಿನೇಳು ತಿರುವಿನಲ್ಲೂ ಅವನ ಕೈ ಬಿಗಿಯಾಗಿ ಹಿಡಿದಿದ್ದಳು. ಇದನ್ನೇ ನಾನು ಪುನರಾವರ್ತನೆ ಅಂತ ಹೊಡೆದುಹಾಕಿದ್ದು. ಟೈಪ್‌ರೈಟರಿನ ಮುಂದೆ ನಾನು ಜೀವಮಾನದಲ್ಲಿ ಮೊದಲ ಸಲ ಅತ್ತೆ.

ಶನಿವಾರ ಬಾಗಿಲು ಹಾಕಿಕೊಂಡು ಅವರ ಮುಂದೆ ನಿಂತೆ. "ಸರ್, ನಾನು ಎರಡು ಸಲ ಸುಳ್ಳು ಹೇಳಿದೆ. ಫೈಲಿನಲ್ಲಿ ಏನೂ ಇರಲಿಲ್ಲ" ಅಂತ ಶುರುಮಾಡಿ, ಬಜೆಯವರೆಗೆ ಎಲ್ಲವನ್ನೂ ಹೇಳಿದೆ. ಬೈಯಲಿ ಅಂತ ಕಾದೆ. ಡೀನ್‌ಗೆ ದೂರು ಕೊಡಲಿ, ವೀಸಾ ಹೋಗಲಿ, ಏನಾದರೂ ಆಗಲಿ ಅನಿಸಿತ್ತು.

ಅವರು ಕೈ ಚಾಚಿ ಹಾಳೆಗಳನ್ನು ತೆಗೆದುಕೊಂಡರು. ಒಂದರಲ್ಲಿ ಎಣ್ಣೆಯ ಕಲೆಯಿಂದ ಓದಲಾಗದ ಜಾಗ ಇತ್ತು, ಅಲ್ಲಿ ನಾನು ಖಾಲಿ ಬಿಟ್ಟಿದ್ದೆ. ನಿಧಾನ ಓದಿದರು. ತುಟಿ ಅಲ್ಲಾಡುತ್ತಿತ್ತು. ಹೆಬ್ಬಾತುಗಳ ಓಣಿಗೆ ಬಂದಾಗ ನಕ್ಕರು, ಬಾವಿಯ ಹತ್ತಿರ ಕಣ್ಣು ಒರೆಸಿಕೊಂಡರು. ಕೊನೆಯ ಹಾಳೆ ಮುಗಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಲ್ಲಿ ಅಮ್ಮ ನಮ್ಮ ಓಣಿಗೆ ತಿರುಗುತ್ತಾಳೆ. ಮುಂದಿನದು? ಅದೂ ತಿಂಡಿ ಕಟ್ಟಲಿಕ್ಕೆ ಹೋಯಿತೇ?"

"ಇಲ್ಲ ಸರ್" ಅಂದೆ. "ಅದನ್ನು ನಾನು ಬರೆಯಲೇ ಇಲ್ಲ. ನೀವು ಅಳುತ್ತಿದ್ದಿರಿ. ನಾನು ಪುಸ್ತಕ ಮುಚ್ಚಿದೆ."

ಅವರ ಮುಖ ಸೋತುಹೋಯಿತು. ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು.

"ಸರ್, ಬರೆದುಕೊಂಡದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ" ಅಂದೆ. "ಮೊದಲ ನಾಲ್ಕು ಹಾಳೆ ಹೋಯಿತು, ಎರಡು ಮೂರು ಹೆಸರು ಬಿಟ್ಟರೆ ನೀವು ಕೊಂದರೂ ನನಗೆ ನೆನಪಿಲ್ಲ. ಆದರೆ ಇದನ್ನು ನಾನು ಬರೆಯಲಿಲ್ಲ, ಕೇಳಿದೆ. ಒಂದೊಂದು ಮಾತೂ ಇದೆ."

ಅವರು ನನ್ನನ್ನೇ ನೋಡಿದರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿ, ನಾನು ಯಾವಾಗಲೂ ಕೂರುವ ಸಣ್ಣ ಸ್ಟೂಲಿನ ಮೇಲೆ ತಾವು ಕುಳಿತರು. ಅಷ್ಟೆತ್ತರದ ಮನುಷ್ಯ, ಮೊಣಕಾಲು ಎದೆಗೆ ಬಂದಿತ್ತು. ನನ್ನ ಪೆನ್ಸಿಲ್ ತೆಗೆದುಕೊಂಡರು, ಒಂದು ಹಾಳೆ ತೆಗೆದುಕೊಂಡರು. "ನೀನು ಹೇಳು ಕಾರ್ಮಿನ್. ನಾನು ಬರೆಯುತ್ತೇನೆ" ಅಂದರು.

ನಾನು ಹೇಳಿದೆ. ಆ ಮನೆಗೆ ಎರಡು ಕಿಟಕಿ, ಎರಡೂ ನದಿಯ ಕಡೆಗೆ. ಗಂಡ ತೊಲೆಗಳಿಗೆಲ್ಲ ಡಾಂಬರಿನಲ್ಲಿ ನಂಬರ್ ಬರೆದು, ಮನೆ ಬಿಚ್ಚಿ, ಗಾಡಿಯಲ್ಲಿ ದಿಬ್ಬಕ್ಕೆ ಸಾಗಿಸಿದ. ಒಲೆಯನ್ನು ಒಯ್ಯಲಾಗಲಿಲ್ಲ, ಅದು ಇಟ್ಟಿಗೆಯದು. ಗೋಡೆಯಿಲ್ಲ, ಸೂರಿಲ್ಲ, ಬಯಲಿನಲ್ಲಿ ಒಲೆ ಒಂದೇ ನಿಂತಿತ್ತು. ಮರುದಿನ ನೀರು ಬರುತ್ತದೆ ಎಂದಾಗ ಅಗ್ರಾಫೆನಾ ಒಬ್ಬಳೇ ಇಳಿದು ಬಂದಳು. ಒಲೆಯ ಬೂದಿ ಗುಡಿಸಿದಳು. ಸೌದೆ ಇಟ್ಟು ಹೊತ್ತಿಸಿದಳು. ಹುಟ್ಟಿದಾಗಿನಿಂದ ತನ್ನನ್ನು ಬೆಚ್ಚಗಿಟ್ಟ ಒಲೆ, ಅದನ್ನು ತಣ್ಣಗಿರುವಾಗ ನೀರಿಗೆ ಕೊಡಬಾರದು ಅನಿಸಿತು ಅವಳಿಗೆ. ದಿಬ್ಬದ ಮೇಲಿಂದ ನೋಡಿದಾಗ ಕೆಳಗೆ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಹೊಗೆ ಕಂಡಿತು. ಬೇರೆ ಹೆಂಗಸರೂ ಹಾಗೆಯೇ ಮಾಡಿದ್ದರು, ಯಾರೂ ಯಾರಿಗೂ ಹೇಳಿರಲಿಲ್ಲ.

ಪ್ರೊಫೆಸರ್ ತಮ್ಮ ಭಾಷೆಯಲ್ಲಿ ಬರೆಯುತ್ತಿದ್ದರು. ನಿಧಾನದ ಕೈ. ನನ್ನ ಹತ್ತಿರ ಕಲಿತಿದ್ದರೆ ಸ್ಕೇಲಿನ ಪೆಟ್ಟು ತಿನ್ನುತ್ತಿದ್ದರು. ನಾನು ಕಾದೆ.

"ಕೊನೆಗೆ?" ಅಂದರು ತಲೆ ಎತ್ತದೆ.

"ಕೊನೆಗೆ ನಿಮ್ಮ ಅಮ್ಮ ಹೇಳಿದರು ಸರ್: ಇಷ್ಟೇ, ಗೆನ್ಯಾ. ಇನ್ನು ನನ್ನ ಕೈ ಬಿಡು. ಇಲ್ಲಿಂದ ಮುಂದೆ ಕೆಸರಿಲ್ಲ, ಬರೀ ನೀರು."

ಪೆನ್ಸಿಲ್ ನಿಂತಿತು.

"ಇನ್ನೊಂದು ಸಲ ಹೇಳು" ಅಂದರು.

ಇನ್ನೊಂದು ಸಲ ಹೇಳಿದೆ. ಅವರು ಮತ್ತೆ ಕೇಳಿದರು, ಮತ್ತೆ ಹೇಳಿದೆ.